ಮೂಸಿ ಉಕ್ಕಿದ್ದು ಯಾರ ಪಾಪಕ್ಕೆ?

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿಗೆ ನುಗ್ಗಿತು. ಸತ್ತವರು ಸುಮಾರು 15,000 ಎಂಬುದು ಅಂದಿನಿಂದ ಹೇಳಿಕೊಂಡು ಬಂದಿರುವ ಅಂದಾಜು. ಅಫ್ಜಲ್‌ಗಂಜ್‌ನ ಒಂದು ಹುಣಸೆಮರ ಹತ್ತಿ ಕೂತ ನೂರೈವತ್ತರಷ್ಟು ಜನ ಉಳಿದುಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇಂದಿಗೂ ಇದೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಆ ನೀರಿಗೆ ಕಳೆದುಕೊಂಡರು. ಆ ದಿನವನ್ನು ಕುರಿತು ಅವರು ಬರೆದ ಕವಿತೆಗೆ ಇಟ್ಟ ಹೆಸರು ‘ಖಯಾಮತ್-ಎ-ಸುಗ್ರಾ’, ಅಂದರೆ ಕಿರಿಯ ಪ್ರಳಯ.

ಇಷ್ಟು ದೊಡ್ಡ ಸಾವಿನ ಎದುರು ನಿಂತ ಮನುಷ್ಯ ಇದು ದೇವರ ತೀರ್ಪೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಯಾರ ಪಾಪಕ್ಕೆ ಎಂಬ ಪ್ರಶ್ನೆ ಏಳುತ್ತದೆ, ಉತ್ತರವಾಗಿ ಬೆರಳು ಪಕ್ಕದ ಮನೆಯವರ ಪೂಜೆಯತ್ತ ತಿರುಗುತ್ತದೆ. ಆ ಬೆರಳಿಗೆ ಆಧಾರವಾಗಿ ಹೀಬ್ರೂ ಧರ್ಮಗ್ರಂಥವನ್ನು, ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವ ಭಾಗವನ್ನು, ತೋರಿಸುವವರೂ ಇದ್ದಾರೆ: ವಿಗ್ರಹಕ್ಕೆ ಅಡ್ಡಬೀಳುವ ನಾಡನ್ನು ದೇವರು ಉಳಿಸುವುದಿಲ್ಲ, ಅಲ್ಲೇ ಬರೆದಿದೆ ಎಂದು. ಮೂಸಿಯಲ್ಲಿ ಆದದ್ದೇನು, ಆ ಗ್ರಂಥದಲ್ಲಿ ಇರುವುದೇನು ಎಂದು ಬಿಡಿಸಿ ನೋಡಿದರೆ ಎರಡೂ ಕಡೆ ಬೇರೆಯೇ ಸಂಗತಿ ಕಾಣುತ್ತದೆ.

ನಂಬಿಕೆ: 1908ರ ಪ್ರವಾಹ ಮನುಷ್ಯರ ಕೈಮೀರಿದ ದೈವಕೋಪ.

ಸತ್ಯ: ಮಳೆ ಕೈಮೀರಿದ್ದು ನಿಜ. ಅನಾಹುತ ಮಾತ್ರ ಪೂರ್ತಿ ಕೈಮೀರಿದ್ದಲ್ಲ. ಇದನ್ನು ಲೆಕ್ಕ ಹಾಕಿ ತೋರಿಸಿದವರು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದಾಗ ಅವರಿಗೆ ನಿಜಾಮ್ ಸರ್ಕಾರದ ಕರೆ ಬಂತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು ನದಿಯ ಮೇಲ್ಭಾಗವನ್ನೆಲ್ಲ ಅಳೆಸಿದರು. ನಗರಕ್ಕೆ ಮೇಲೆ ಮೂಸಿಗೆ ನೀರು ಹರಿಸುವ ನೆಲ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಗೆ ಒಡೆದವು 221.

ಕೆರೆಗಳ ಸರಣಿಯನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಕೋಡಿ ಸಾಲದೆ ಏರಿಯೇ ಕಿತ್ತುಹೋದರೆ ಒಂದು ಕೆರೆಯ ನೀರಷ್ಟೂ ಒಂದೇ ಏಟಿಗೆ ಕೆಳಗಿನ ಏರಿಗೆ ಬಂದು ಬಡಿಯುತ್ತದೆ, ಅದೂ ಒಡೆದರೆ ಎರಡು ಕೆರೆಯ ನೀರು ಮೂರನೆಯದಕ್ಕೆ. ವರ್ಷವಿಡೀ ನಗರವನ್ನು ಕಾಯಬೇಕಾದ ಕೆರೆಗಳೇ ಹೀಗೆ ಸಾಲಾಗಿ ಒಡೆದು ಮೂಸಿಯನ್ನು ಸೇರಿದವು. ನೆರೆಯ ಗರಿಷ್ಠ ಹರಿವು 4,25,000 ಕ್ಯೂಸೆಕ್ ಇತ್ತೆಂದು ವಿಶ್ವೇಶ್ವರಯ್ಯ ಅಂದಾಜು ಮಾಡಿದರು. ನಗರದ ಮೇಲುಗಡೆ ಎರಡು ದೊಡ್ಡ ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ತಡೆಯಬೇಕೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ವರದಿ ಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಅದರ ಉಪನದಿ ಈಸಿ ಹೊಳೆಗೆ ಹಿಮಾಯತ್ ಸಾಗರ 1927ರಲ್ಲಿ.

ನಂಬಿಕೆ: ನಿಜಾಮರು ನದಿಗೆ ಬಾಗಿನ ಕೊಟ್ಟದ್ದರಿಂದ ನೀರು ಇಳಿಯಿತು.

ಸತ್ಯ: ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಪುರೋಹಿತರ ಮಾತು ಕೇಳಿ ಮೂಸಿಗೆ ಸೀರೆ, ತೆಂಗಿನಕಾಯಿ ಅರ್ಪಿಸಿ ಕೈಮುಗಿದರು, ಮುನಿದಿದ್ದ ಭವಾನಿ ದೇವಿ ಶಾಂತಳಾದಳು ಎಂಬುದು ನಗರದಲ್ಲಿ ಇಂದಿಗೂ ಪ್ರೀತಿಯಿಂದ ಹೇಳುವ ಕಥೆ. ನೀರು ಇಳಿದದ್ದು ಮೇಲಿನ ಕೆರೆಗಳು ಬರಿದಾಗಿ ನೆರೆಯ ತುದಿ ದಾಟಿಹೋದ ಮೇಲೆ. ಆದರೂ ಈ ಕಥೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮುಸ್ಲಿಂ ದೊರೆ ತನ್ನ ಹಿಂದೂ ಪ್ರಜೆಗಳ ದುಃಖವನ್ನು ಅವರದೇ ರೀತಿಯಲ್ಲಿ ಹೊತ್ತುಕೊಂಡ ಎಂದು ಒಂದು ಊರು ನೆನಪಿಟ್ಟುಕೊಂಡಿದೆ. ಆ ನೆನಪು ಯಾರನ್ನೂ ದೂರುವುದಿಲ್ಲ. ಆತ ನಿರಾಶ್ರಿತರಿಗೆ ಅರಮನೆಯ ಬಾಗಿಲು ತೆರೆದದ್ದೂ ಆತನ ಸರ್ಕಾರ ಎಂಜಿನಿಯರನ್ನು ಕರೆಸಿದ್ದೂ ಇತಿಹಾಸ.

ನಂಬಿಕೆ: ಬೇರೆ ನಾಡುಗಳನ್ನು ದೇವರು ವಿಗ್ರಹಪೂಜೆಗಾಗಿ ದಂಡಿಸಿದನೆಂದು ಹೀಬ್ರೂ ಪ್ರವಾದಿಗಳು ಸಾರಿದರು.

ಸತ್ಯ: ಪರನಾಡುಗಳ ವಿಗ್ರಹಗಳನ್ನು ಖಂಡಿಸುವ ಮಾತುಗಳು ಕೆಲವು ಪ್ರವಾದಿಗಳಲ್ಲಿ ಇವೆ, ಆದರೆ ಅದಷ್ಟೇ ಅವರ ಮಾತಲ್ಲ. ಪ್ರವಾದಿ ಆಮೋಸನ ಪುಸ್ತಕದ ಮೊದಲೆರಡು ಅಧ್ಯಾಯ ತೆರೆದು ನೋಡಿ. ಕ್ರಿಸ್ತಪೂರ್ವ ಎಂಟನೇ ಶತಮಾನದ ಈತ ತೆಕೋವದ ಕುರಿಗಾಹಿ, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು. ಸುತ್ತಲಿನ ರಾಜ್ಯಗಳನ್ನು ಒಂದೊಂದಾಗಿ ಕರೆದು ಆರೋಪ ಓದುತ್ತಾನೆ. ದಮಸ್ಕದವರು ಗಿಲ್ಯಾದಿನ ಜನರನ್ನು ಒಕ್ಕಣೆ ಮಾಡಿದಂತೆ ತುಳಿದರು. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಗುಲಾಮರಾಗಿ ಮಾರಿದರು. ಅಮ್ಮೋನಿನವರು ಗಡಿ ವಿಸ್ತರಿಸಲು ಬಸುರಿಯರ ಹೊಟ್ಟೆ ಸೀಳಿದರು. ಮೋವಾಬಿನವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು. ಈ ಎಲ್ಲ ನಾಡುಗಳಲ್ಲೂ ವಿಗ್ರಹಗಳಿದ್ದವು, ಗುಡಿಗಳಿದ್ದವು. ಅವುಗಳ ಬಗ್ಗೆ ಆಮೋಸನ ಈ ಪಟ್ಟಿಯಲ್ಲಿ ಒಂದು ಮಾತೂ ಇಲ್ಲ. ಇರುವುದೆಲ್ಲ ಕ್ರೌರ್ಯದ ದಾಖಲೆ. ನೆರೆಯವರ ಪಾಪ ಕೇಳಿ ಜನ ತಲೆದೂಗುತ್ತಿರುವಾಗಲೇ ಆತ ಯೆಹೂದದತ್ತ, ಆಮೇಲೆ ಇಸ್ರೇಲಿನತ್ತ ತಿರುಗುತ್ತಾನೆ: ನೀವು ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದವರು.

ಹಾಗಾದರೆ ವಿಗ್ರಹಾರಾಧನೆಯ ಖಂಡನೆ ಆ ಗ್ರಂಥದಲ್ಲಿ ಇಲ್ಲವೇ? ಇದೆ, ಬಹಳ ಕಟುವಾಗಿಯೇ ಇದೆ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರರು ಇಸ್ರೇಲಿನ ರಾಜಧಾನಿ ಸಮಾರ್ಯವನ್ನು ಗೆದ್ದದ್ದಕ್ಕೆ ಅರಸುಗಳ ಎರಡನೇ ಗ್ರಂಥ ಕೊಡುವ ಕಾರಣವೇ ಅದು. ಆದರೆ ಅಲ್ಲಿ ಕಟಕಟೆಯಲ್ಲಿರುವುದು ದೇವರೊಡನೆ ಒಡಂಬಡಿಕೆ ಮಾಡಿಕೊಂಡ ಸ್ವಂತ ಜನ, ಪರರಲ್ಲ. ಕೊಟ್ಟ ಮಾತಿಗೆ ತಪ್ಪಿದರು ಎಂಬುದು ಆರೋಪದ ಜೀವಾಳ. ಅಂಥ ಪೂಜೆ ಹೊರಗಿನವರದಷ್ಟೇ ಅಲ್ಲ ಎಂಬುದಕ್ಕೆ ಪುರಾತತ್ವವೂ ಸುಳಿವು ಕೊಡುತ್ತದೆ: ಯೆಹೂದದ ಮನೆಗಳನ್ನು ಅಗೆದಾಗ ಮಣ್ಣಿನ ಹೆಣ್ಣುಗೊಂಬೆಗಳು ನೂರಾರು ಸಿಕ್ಕಿವೆ. ಪ್ರವಾದಿಗಳು ಹೆಚ್ಚಾಗಿ ಮಾತಾಡುತ್ತಿದ್ದುದು ತಮ್ಮದೇ ಬೀದಿಯ, ತಮ್ಮದೇ ಮನೆಯ ಜನರೊಂದಿಗೆ.

ನಂಬಿಕೆ: ಸರಿಯಾದ ದೇವರನ್ನು ಸರಿಯಾಗಿ ಪೂಜಿಸುವ ನಾಡಿಗೆ ಭಯವಿಲ್ಲ.

ಸತ್ಯ: ಈ ಧೈರ್ಯವನ್ನೇ ಪ್ರವಾದಿ ಯೆರೆಮೀಯ ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ನಿಂತು ಮುರಿದ. ಆ ಆಲಯ ಯೆಹೋವನದೇ, ಜನ ಬಂದದ್ದೂ ಆತನನ್ನೇ ಪೂಜಿಸಲು. ಪರದೇಶಿಯನ್ನು, ತಬ್ಬಲಿಯನ್ನು, ವಿಧವೆಯನ್ನು ಹಿಂಡುತ್ತ, ಕದಿಯುತ್ತ, ಕೊಲ್ಲುತ್ತ, ಬಾಳ್ ದೇವತೆಗೆ ಧೂಪವನ್ನೂ ಹಾಕುತ್ತ ಇಲ್ಲಿ ಬಂದು ನಿಂತರೆ ಆಲಯ ನಿಮ್ಮನ್ನು ಕಾಯುವುದಿಲ್ಲ ಎಂದ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೇನೆ ಆ ಆಲಯವನ್ನು ಸುಟ್ಟಿತು.

ಇದಕ್ಕಿಂತಲೂ ನನ್ನನ್ನು ಕಾಡುವುದು ಅದೇ ಧರ್ಮಗ್ರಂಥದ ನಾಬೋತನ ಕಥೆ. ಇಜ್ರೇಲಿನಲ್ಲಿ ಅರಸ ಅಹಾಬನ ಅರಮನೆಗೆ ಹೊಂದಿಕೊಂಡು ನಾಬೋತನ ದ್ರಾಕ್ಷಿತೋಟವಿತ್ತು. ಅರಸ ಕಾಯಿಪಲ್ಯ ಬೆಳೆಯಲು ಅದನ್ನು ಕೇಳಿದ. ಬದಲಿ ತೋಟ ಕೊಡುತ್ತೇನೆ, ಬೇಡವಾದರೆ ಹಣ ಕೊಡುತ್ತೇನೆ ಎಂದ. ಪಿತ್ರಾರ್ಜಿತ ಭೂಮಿ, ಕೊಡಲಾರೆ ಎಂದ ನಾಬೋತ. ರಾಣಿ ಈಜೆಬೆಲ ಅರಸನ ಹೆಸರಲ್ಲಿ ಊರ ಹಿರಿಯರಿಗೆ ಪತ್ರ ಬರೆದು ಅರಸನದೇ ಮುದ್ರೆ ಒತ್ತಿದಳು. ಇಬ್ಬರು ಸುಳ್ಳುಸಾಕ್ಷಿಗಳು ಸಭೆಯಲ್ಲಿ ಎದ್ದು ಹೇಳಿದ್ದೇನು? ಈತ ದೇವರನ್ನು ನಿಂದಿಸಿದ, ಅರಸನನ್ನೂ ನಿಂದಿಸಿದ. ಊರ ಹೊರಗೆ ನಾಬೋತನನ್ನು ಕಲ್ಲೆಸೆದು ಕೊಂದರು. ತೋಟ ಅರಸನ ವಶವಾಯಿತು. ಕರ್ಮೆಲ್ ಬೆಟ್ಟದ ಮೇಲೆ ಬಾಳ್‌ನ 450 ಪ್ರವಾದಿಗಳನ್ನು ಎದುರಿಸಿದ್ದ ಪ್ರವಾದಿ ಎಲೀಯ ಆ ತೋಟದಲ್ಲೇ ಅಹಾಬನನ್ನು ತಡೆದು ನಿಲ್ಲಿಸಿ ತೀರ್ಪು ಹೇಳಿದ. ಕೊಂದದ್ದಕ್ಕೆ, ನೆಲ ಕಬಳಿಸಿದ್ದಕ್ಕೆ. ದೇವನಿಂದೆಯ ಆರೋಪ ಇಲ್ಲಿ ಭೂಮಿ ನುಂಗುವವರ ಕೈಯ ಆಯುಧವಾಗಿತ್ತು ಎಂಬುದನ್ನು ಮತ್ತೊಬ್ಬರ ಪೂಜೆಯನ್ನು ತೂಗಲು ಹೊರಡುವವರು ಓದಲೇಬೇಕು.

ಹೈದರಾಬಾದಿನಲ್ಲಿ ಈ ಕಥೆ ದೂರದ್ದಲ್ಲ. ಕೆರೆಯಂಗಳದ ಶಿಖಂ ಜಮೀನು ನಿವೇಶನಗಳಾಗಿ ಮಾರಾಟವಾದದ್ದು ಇಲ್ಲಿ ಎಲ್ಲರಿಗೂ ಗೊತ್ತು. 2020ರ ಅಕ್ಟೋಬರ್ ಮಳೆಗೆ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿ ಒಡೆದು ಹಳೇ ನಗರದ ಬಡಾವಣೆಗಳಲ್ಲಿ ಮನೆ ಮುಳುಗಿದವು. ಒತ್ತುವರಿ ತೆರವಿಗೆ ತೆಲಂಗಾಣ ಸರ್ಕಾರ ‘ಹೈಡ್ರಾ’ ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದ್ದು 2024ರಲ್ಲಿ. ಮುಳುಗಿದ ಮನೆಯವರು ಯಾವ ದೇವರಿಗೆ ಕೈಮುಗಿಯುತ್ತಿದ್ದರು ಎಂದು ಕೇಳುವ ಬದಲು ಆ ಕೆರೆಗಳ ಕೋಡಿಕಾಲುವೆ ಎಲ್ಲಿ ಮಾಯವಾಯಿತೆಂದು ಕೇಳುವುದೇ ಆಮೋಸನಿಗೂ ವಿಶ್ವೇಶ್ವರಯ್ಯನವರಿಗೂ ಒಪ್ಪುವ ಪ್ರಶ್ನೆ.

ನಂಬಿಕೆ: ಪ್ರವಾದಿ ನುಡಿದರೆ ನಾಶ ಖಚಿತ.

ಸತ್ಯ: ನಲವತ್ತು ದಿನದಲ್ಲಿ ನಿನೆವೆ ಹಾಳಾಗುತ್ತದೆಂದು ಯೋನ ಸಾರಿದ. ಊರು ತಿದ್ದಿಕೊಂಡಿತು, ಹಾಳಾಗಲಿಲ್ಲ. ಸಿಟ್ಟಾದವನು ಪ್ರವಾದಿಯೇ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿನ ಮೇಲೆ ತನಗೆ ಕನಿಕರ ಬೇಡವೇ ಎಂದು ದೇವರು ಆತನನ್ನು ಕೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ.

ನಂಬಿಕೆ: ಸತ್ತವರು, ನೊಂದವರು ಏನೋ ಪಾಪ ಮಾಡಿಯೇ ಇರಬೇಕು.

ಸತ್ಯ: ಈ ಮಾತಿನಷ್ಟು ನಿರ್ದಯವಾದದ್ದು ಇನ್ನೊಂದಿಲ್ಲ. ಅಪ್ಪನ ಪಾಪಕ್ಕೆ ಮಗ ಸಾಯುವುದಿಲ್ಲ ಎಂದು ಪ್ರವಾದಿ ಯೆಹೆಜ್ಕೇಲ ಒಂದು ಇಡೀ ಅಧ್ಯಾಯ ವಾದಿಸುತ್ತಾನೆ. ಯೋಬನ ಪುಸ್ತಕ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನೆಲ್ಲ ಒಂದೇ ದಿನ ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನಿಗೆ ಮೂವರು ಗೆಳೆಯರು, ನಿನ್ನ ಪಾಪವನ್ನು ಒಪ್ಪಿಕೋ ಎಂದು ಪುಟಗಟ್ಟಲೆ ಉಪದೇಶ ಮಾಡುತ್ತಾರೆ. ಅವರ ಮಾತೆಲ್ಲ ದೇವರ ಪರವಾಗಿಯೇ ಇದೆ. ಕೊನೆಗೆ ದೇವರು ಕೋಪಗೊಳ್ಳುವುದು ಆ ಮೂವರ ಮೇಲೆ: ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ, ಹೋಗಿ ಹೋಮಬಲಿ ಕೊಡಿ, ಯೋಬ ನಿಮಗಾಗಿ ಪ್ರಾರ್ಥಿಸಿದರೆ ಕ್ಷಮಿಸುತ್ತೇನೆ ಎಂದು.