ಅಸ್ಸೀರಿಯಾದ ಶಿಲ್ಪದ ಕೈಯಲ್ಲಿರುವುದು ಹ್ಯಾಂಡ್‌ಬ್ಯಾಗಾ? ಅಲ್ಲ, ನೀರಿನ ಪಾತ್ರೆ!

ರೆಕ್ಕೆಯಿರುವ ಗಡ್ಡಧಾರಿ. ಒಂದು ಕೈಯಲ್ಲಿ ಹ್ಯಾಂಡ್‌ಬ್ಯಾಗ್‌ನಂಥ ವಸ್ತು, ಮಣಿಕಟ್ಟಿನಲ್ಲಿ ಕೈಗಡಿಯಾರದಂಥ ಗುಂಡನೆಯ ಗುರುತು. “ಸಾವಿರಾರು ವರ್ಷಗಳ ಹಿಂದೆಯೇ ಅನ್ಯಗ್ರಹ ಜೀವಿಗಳು ಬಂದಿದ್ದವು, ಇಲ್ಲಿದೆ ಸಾಕ್ಷಿ” ಎಂಬ ಸಾಲಿನೊಂದಿಗೆ ಈ ಚಿತ್ರ ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ನಿಜಕ್ಕೂ ಅದೇನು? ನೋಡೋಣ.

ಈ ಕಲ್ಲು ಎಲ್ಲಿಯದು?

ಇಂಥ ಫಲಕಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಇಂದಿನ ಇರಾಕ್‌ನ ಮೋಸುಲ್ ಬಳಿಯ ನಿಮ್ರೂದ್‌ನವು. ಕ್ರಿ.ಪೂ. 883ರಿಂದ 859ರವರೆಗೆ ಆಳಿದ ಎರಡನೇ ಅಶ್ಶೂರ್‌ನಾಸಿರ್‌ಪಾಲ್ ಎಂಬ ಅಸ್ಸೀರಿಯಾದ ದೊರೆ ತನ್ನ ಅರಮನೆಯ ಗೋಡೆಗಳಿಗೆ ಇವನ್ನು ಹೊದಿಸಿದ್ದ. 1845ರಿಂದ ಬ್ರಿಟನ್ನಿನ ಲೇಯಾರ್ಡ್ ಅಲ್ಲಿ ಉತ್ಖನನ ನಡೆಸಿದ. ಅಸ್ಸೀರಿಯಾದ ಫಲಕಗಳನ್ನು ನೋಡಲು ನಾವು ಲಂಡನ್ನಿಗೇ ಹೋಗಬೇಕಿಲ್ಲ. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲೂ ಇವೆ.

ಕೈಯಲ್ಲಿರುವುದೇನು?

ಅದು ಹಿಡಿಕೆಯಿರುವ ಪುಟ್ಟ ಬಕೆಟ್. ಅಕ್ಕಾಡಿಯನ್ ಭಾಷೆಯಲ್ಲಿ ಅದರ ಹೆಸರು ‘ಬಂದುದ್ದೂ’. ಇನ್ನೊಂದು ಕೈಯಲ್ಲಿ ಪೈನ್ ಮರದ ಕಾಯಿಯಂಥ ವಸ್ತುವಿದೆ. ಅದು ‘ಮುಲ್ಲಿಲು’, ಅಂದರೆ ಶುದ್ಧಗೊಳಿಸುವುದು. ಬಕೆಟ್‌ನಲ್ಲಿ ಅದ್ದಿ ಪವಿತ್ರ ಜಲವನ್ನು ಚಿಮುಕಿಸಲು ಇದನ್ನು ಬಳಸುತ್ತಿದ್ದರು ಎಂಬುದು ವಿದ್ವಾಂಸರ ವಿವರಣೆ.

ಈ ಹೆಸರುಗಳು ಊಹೆಯಲ್ಲ. ಕೆಡುಕು ಮನೆಯೊಳಗೆ ಬಾರದಂತೆ ಅಸ್ಸೀರಿಯನ್ನರು ನೆಲದಡಿ ಮಣ್ಣಿನ ಗೊಂಬೆಗಳನ್ನು ಹೂಳುತ್ತಿದ್ದರು. ಯಾವ ಗೊಂಬೆಯ ಕೈಯಲ್ಲಿ ಏನಿರಬೇಕು ಎಂದು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟಿದ್ದಾರೆ. ಅಲ್ಲಿ ಈ ಎರಡೂ ವಸ್ತುಗಳ ಹೆಸರಿದೆ. ಅಂಥ ಗೊಂಬೆಗಳೂ ಸಿಕ್ಕಿವೆ.

‘ಕೈಗಡಿಯಾರ’ವೋ? ಅದು ಹೂವಿನ ವಿನ್ಯಾಸದ ಕಡಗ. ಗಮನಿಸಿ ನೋಡಿದರೆ ಎಸಳುಗಳು ಕಾಣುತ್ತವೆ, ಮುಳ್ಳುಗಳಿಲ್ಲ. ಎಷ್ಟೋ ಶಿಲ್ಪಗಳಲ್ಲಿ ಎರಡೂ ಕೈಗಳಿಗೆ ಇದೆ. ಎರಡೂ ಕೈಗೆ ವಾಚ್ ಕಟ್ಟಿಕೊಳ್ಳುವವರು ಯಾರು?

ನಮ್ಮ ಕಡೆಗೂ ಇದಕ್ಕೂ ನಂಟಿದೆಯೇ?

ನೀರು ಚಿಮುಕಿಸಿ ಶುದ್ಧ ಮಾಡುವುದು ನಮಗೇನೂ ಹೊಸದಲ್ಲ. ಕಳಸದ ನೀರನ್ನು ಮಾವಿನ ಎಲೆಯಿಂದ ಮನೆಯೆಲ್ಲ ಪ್ರೋಕ್ಷಣೆ ಮಾಡುವುದನ್ನು ಯಾರು ನೋಡಿಲ್ಲ? ಬೈಲಹೊಂಗಲ, ಕಿತ್ತೂರು, ರಾಮದುರ್ಗದಿಂದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗುಳಬಾವಿಯಲ್ಲೋ ಎಣ್ಣೆಹೊಂಡದಲ್ಲೋ ಮಿಂದು ದೇವಿಯ ದರ್ಶನ ಮಾಡುತ್ತಾರೆ. ಅಸ್ಸೀರಿಯಾದ ಅಶ್ಶೂರ್ ನಗರದ ದೇಗುಲದಲ್ಲೂ ಕಲ್ಲಿನ ದೊಡ್ಡ ನೀರಿನ ತೊಟ್ಟಿಯಿತ್ತು. ಅದರ ಸುತ್ತ ನೀರು ಉಕ್ಕುವ ಕಲಶ ಹಿಡಿದ ದೇವರು, ಮೀನಿನ ವೇಷದ ಪುರೋಹಿತರ ಕೆತ್ತನೆಗಳಿವೆ. ಇಂದು ಅದು ಬರ್ಲಿನ್‌ನ ಮ್ಯೂಸಿಯಂ ಸಂಗ್ರಹದಲ್ಲಿದೆ.

ಹಾಗೆಂದು “ಅವರು ನಮ್ಮಿಂದ ಕಲಿತರು” ಅಥವಾ “ನಾವು ಅವರಿಂದ ಕಲಿತೆವು” ಎಂದು ಫಾರ್ವರ್ಡ್ ಮಾಡಬೇಡಿ. ನೀರು ಕೊಳೆ ತೊಳೆಯುತ್ತದೆ ಎಂಬುದು ಎಲ್ಲ ಊರಿನವರ ಅನುಭವ. ಅದೇ ನೀರು ಪಾಪ, ದೋಷಗಳನ್ನೂ ತೊಳೆಯಲಿ ಎಂಬ ಆಸೆ ಬೇರೆ ಬೇರೆ ಕಡೆ ತಾನಾಗಿಯೇ ಹುಟ್ಟಬಹುದು. ಹೋಲಿಕೆಯೊಂದೇ ಸಂಬಂಧಕ್ಕೆ ಸಾಕ್ಷಿಯಾಗದು.

ಇಲ್ಲೊಂದು ಎಚ್ಚರಿಕೆ ಬೇಕು

ಪತಿಯ ಶಾಪದಿಂದ ಚರ್ಮರೋಗಕ್ಕೆ ತುತ್ತಾದ ರೇಣುಕೆ ಪವಿತ್ರ ಜಲದಲ್ಲಿ ಮಿಂದು ಗುಣವಾದಳು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಭಕ್ತಿಯ ಕಥೆ, ಚಿಕಿತ್ಸೆಯ ಚೀಟಿಯಲ್ಲ. ಕುಷ್ಠರೋಗ ಶಾಪದಿಂದ ಬರುವುದಿಲ್ಲ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದರು.

ಚರ್ಮದ ಮೇಲೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆ ಬಂದು, ಅಲ್ಲಿ ಮುಟ್ಟಿದರೂ ಚುಚ್ಚಿದರೂ ತಿಳಿಯದಿದ್ದರೆ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಹುಔಷಧ ಚಿಕಿತ್ಸೆ ಅಲ್ಲಿ ಉಚಿತ. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಮುಗಿಯುತ್ತದೆ. “ಮೊದಲು ಹರಕೆ ತೀರಿಸೋಣ, ಆಮೇಲೆ ಡಾಕ್ಟರು” ಎಂದು ತಡಮಾಡಿದರೆ ನರಗಳು ಹಾಳಾಗಿ ಕೈಕಾಲು ಊನವಾಗಬಹುದು. ಆ ಊನ ಔಷಧಿಯಿಂದ ಪೂರ್ತಿ ಮರಳಿ ಸರಿಹೋಗದೇ ಇರಬಹುದು. ಹಾಗೆಯೇ, ಸಾವಿರಾರು ಜನ ಮೀಯುವ ನೀರನ್ನು ತೀರ್ಥವೆಂದು ಕುಡಿಯಬೇಡಿ. ವಾಂತಿಭೇದಿ, ಟೈಫಾಯ್ಡ್ ಬರುವುದು ಇಂಥ ನೀರಿನಿಂದಲೇ.

ಒಟ್ಟಿನಲ್ಲಿ

ಚಿತ್ರ ನಿಜ, ಅದರ ಕೆಳಗಿನ ಸಾಲು ಸುಳ್ಳು. ಶಿಲ್ಪದ ಕೈಯಲ್ಲಿರುವುದು ಪೂಜೆಯ ನೀರಿನ ಪಾತ್ರೆ. ಹೊಂಡದಲ್ಲಿ ಮೀಯಿರಿ, ಹರಕೆ ತೀರಿಸಿ, ಆದರೆ ಮಚ್ಚೆಯನ್ನು ಡಾಕ್ಟರಿಗೇ ತೋರಿಸಿ. ಆ ಚಿತ್ರ ಮತ್ತೆ ಗ್ರೂಪಿಗೆ ಬಂದಾಗ ಈ ಮಾತನ್ನೂ ಅದರ ಜೊತೆ ಕಳಿಸಿ.