ಮನೆಯ ಕಂಪ್ಯೂಟರಿಗೆ ಯಾವ ಕಾವಲು?

ಎರಡು ವರ್ಷದ ಹಿಂದೆ, ಯುಗಾದಿಯ ಹೊತ್ತಿಗೆ, ನಮ್ಮ ಸಂಘದ ಕೆಲವರಿಗೆ ನನ್ನ ಹೆಸರಿನಲ್ಲಿ ಒಂದು ಇಮೇಲ್ ಬಂದಿತ್ತು: "ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ, ನಾಳೆ ಹಣ ಕೊಡುತ್ತೇನೆ." ಹಿರಿಯರೊಬ್ಬರು ನಂಬಿ ಕಳಿಸಿಯೂ ಬಿಟ್ಟರು. ಆ ಹಣ ನಾನೇ ಕೊಟ್ಟೆ. ಅವರೆದುರು ನಿಲ್ಲಲು ಮಾತ್ರ ಈಗಲೂ ಸಂಕೋಚವಾಗುತ್ತದೆ.

ತಪ್ಪು ನಡೆದದ್ದು ಬೆಡ್‌ಫರ್ಡ್ ಪಾರ್ಕಿನ ನಮ್ಮ ಮನೆಯಲ್ಲಿ. ಸ್ಮರಣ ಸಂಚಿಕೆಗೆ ಕನ್ನಡದಲ್ಲಿ ಟೈಪ್ ಮಾಡಲು ಕೀಲಿಮಣೆ ತಂತ್ರಾಂಶ ಬೇಕಿತ್ತು. ಯಾವುದೋ ಅಪರಿಚಿತ ತಾಣದಿಂದ ಇಳಿಸಿಕೊಂಡೆ. "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದಿತ್ತು, ಮಾಡಿದೆ. ವರ್ಷಕ್ಕಿಷ್ಟೆಂದು ಹಣ ತೆತ್ತು ಕೊಂಡ ಆಂಟಿವೈರಸ್ಸು ಅದು!

ಇಷ್ಟು ಸುಲಭವಾಗಿ ಮೋಸಹೋಗಲು ಒಂದು ಕಾರಣವಿದೆ. ಕೆಲವು ಕನ್ನಡ ಕೀಲಿಮಣೆ ತಂತ್ರಾಂಶಗಳು ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹಾಗೆಯೇ ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ಕಳ್ಳನಿಗೆ ಕಳಿಸುತ್ತದೆ. ಹೀಗಾಗಿ ಒಳ್ಳೆಯ ಕನ್ನಡ ತಂತ್ರಾಂಶವನ್ನೂ ಆಂಟಿವೈರಸ್ ಅನುಮಾನಿಸುವುದುಂಟು. "ಅದು ಯಾವಾಗಲೂ ಹಾಗೇ ಕೂಗುತ್ತೆ" ಎಂದು ನಾವೂ ಕಿವಿಗೊಡದೆ ಇರಲು ಕಲಿತಿರುತ್ತೇವೆ. ನಿಜಕ್ಕೂ ಬೇರೆ ತಂತ್ರಾಂಶ ನನಗೆ ಬೇಕೇ ಇರಲಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಕೀಲಿಮಣೆ ಅಲ್ಲೇ ಇದೆ.

ಹಾಗಾದರೆ ಯಾವ ಆಂಟಿವೈರಸ್ ಕೊಳ್ಳಬೇಕು? ಬಹುಪಾಲು ಮನೆಗಳಿಗೆ ಯಾವುದೂ ಬೇಡ ಎಂಬುದೇ ನನ್ನ ಅಭಿಪ್ರಾಯ. 2012ರ ವಿಂಡೋಸ್ 8ರಿಂದ ಡಿಫೆಂಡರ್ ಜೊತೆಯಲ್ಲೇ ಬರುತ್ತದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ಅದು ಕೆಲವು ವರ್ಷಗಳಿಂದ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತಿದೆ. ಬೇರೆಯದೇ ಬೇಕೆಂದರೆ ಆ ಎರಡು ಸಂಸ್ಥೆಗಳ ಫಲಿತಾಂಶ ನೋಡಿ ಒಂದನ್ನು ಮಾತ್ರ ಹಾಕಿಕೊಳ್ಳಿ. ಎರಡು ಹಾಕಿದರೆ ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರು ಕುಂಟುತ್ತದೆ. ಪುಕ್ಕಟೆಯದೆಂದು ಹಿಗ್ಗುವ ಮೊದಲು ಅವಾಸ್ಟ್ ಪ್ರಕರಣ ನೆನಪಿರಲಿ: ಬಳಕೆದಾರರು ಅಂತರ್ಜಾಲದಲ್ಲಿ ಎಲ್ಲೆಲ್ಲಿ ಹೋದರೆಂಬ ಮಾಹಿತಿಯನ್ನು ಮಾರಿಕೊಂಡ ಆರೋಪಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದರ ಮೇಲೆ 1.65 ಕೋಟಿ ಡಾಲರ್ ಹೊರಿಸಿತು.

ಆಂಟಿವೈರಸ್‌ಗಿಂತ ಅಪ್‌ಡೇಟ್ ಮುಖ್ಯ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ನಿಲ್ಲಿಸಿತಲ್ಲ, ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಜ್ಜ-ಅಜ್ಜಿಗೆಂದು ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ತೆರೆದು ನೋಡಿ. ಫ್ಲಿಂಡರ್ಸ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ನಮ್ಮ ಹುಡುಗರಿಗೂ ಒಂದು ಮಾತು: ಊರಿಂದ ತಂದ ಲ್ಯಾಪ್‌ಟಾಪಿನಲ್ಲಿ ಯಾರೋ ಹಾಕಿಕೊಟ್ಟ ಕಳ್ಳಪ್ರತಿಯ ತಂತ್ರಾಂಶವಿದ್ದರೆ ತೆಗೆದುಹಾಕಿ.

ನಾನು ಆಮೇಲೆ ಮಾಡಿದ್ದು: ಫೋನಿನಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆ, ಇಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದೆ, ಲ್ಯಾಪ್‌ಟಾಪನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಸ್ಕ್ಯಾಮ್‌ವಾಚ್‌ಗೆ ವರದಿ ಕೊಟ್ಟೆ. ಊರಿನ ಫೋಟೋಗಳೆಲ್ಲ ಈಗ ಬೇರೆ ಡ್ರೈವಿನಲ್ಲಿವೆ. ನಕಲು ಮಾಡುವಾಗ ಬಿಟ್ಟರೆ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವುದಿಲ್ಲ.

ನನ್ನ ಹೆಸರಿನಲ್ಲಿ ಮತ್ತೆ ಹಣ ಕೇಳುವ ಇಮೇಲ್ ಬಂದರೆ ದಯವಿಟ್ಟು ನನಗೆ ಫೋನ್ ಮಾಡಿ ಕೇಳಿ. ನಂಬರು ಸಂಘದ ಪಟ್ಟಿಯಲ್ಲಿದೆ.