ಬ್ಯಾಂಕಿನ ಒಳಗಿದ್ದೂ ಬ್ಯಾಂಕಿನವರಲ್ಲ

ನಮ್ಮ ಕರಾವಳಿಯಲ್ಲಿ ‘ಬ್ಯಾಂಕ್ ಕೆಲಸ’ ಎಂಬ ಮಾತಿಗೆ ಇರುವ ತೂಕವೇ ಬೇರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನೆಲವಿದು. ಕೆನರಾ ಬಿಟ್ಟು ಉಳಿದ ಮೂರೂ 2019 ಮತ್ತು 2020ರಲ್ಲಿ ವಿಲೀನವಾದವು. ಆದರೂ ಆ ಮಾತಿನ ತೂಕ ಇಳಿದಿಲ್ಲ. ಬ್ಯಾಂಕ್ ಕೆಲಸ ಎಂದರೆ ನಿವೃತ್ತಿಯವರೆಗೂ ಚಿಂತೆಯಿಲ್ಲ, ಕಡಿಮೆ ಬಡ್ಡಿಗೆ ಮನೆ ಸಾಲ, ಮದುವೆ ಮಾತುಕತೆಯಲ್ಲಿ ಮೊದಲ ಸಾಲಿನ ಜಾಗ.

ಹಾಗಾಗಿ ಬಿ.ಕಾಂ. ಮುಗಿಸಿದ ನನಗೆ ಬೆಂಗಳೂರಿನಲ್ಲಿ ದೊಡ್ಡ ಬ್ಯಾಂಕೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಅಪ್ಪಯ್ಯ ಊರಿಗೆಲ್ಲ ಹೇಳಿಬಿಟ್ಟರು. ‘ಗುತ್ತಿಗೆ ಮೇಲೆ’ ಎಂದು ನಾನು ಸೇರಿಸುತ್ತಿದ್ದ ಎರಡು ಪದ ಯಾರ ಕಿವಿಗೂ ಬೀಳಲಿಲ್ಲ. ಹಬ್ಬಕ್ಕೆ ಕುಂದಾಪುರಕ್ಕೆ ಹೋದರೆ, ‘ಎಂತ ಮಾಣಿ, ಬ್ಯಾಂಕಂಗೆ ಕೆಲ್ಸ ಅಂಬ್ರ್? ನಮಗೊಂದ್ ಸಾಲ ಮಾಡ್ಸಿ ಕೊಡ್’ ಎನ್ನುವವರೇ ಹೆಚ್ಚು.

ನಿಜ ಸಂಗತಿ ಏನೆಂದರೆ, ನನಗೆ ಕೆಲಸ ಹೇಳುವುದು ಬ್ಯಾಂಕ್, ಸಂಬಳ ಕೊಡುವುದು ಏಜೆನ್ಸಿ. ಬ್ಯಾಂಕ್ ನನ್ನ ಹೆಸರಿನಲ್ಲಿ ಏಜೆನ್ಸಿಗೆ ಬಿಲ್ ಪಾವತಿಸುತ್ತದೆ. ಏಜೆನ್ಸಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ನನ್ನ ಖಾತೆಗೆ ಹಾಕುತ್ತದೆ. ಲ್ಯಾಪ್‌ಟಾಪ್ ಬ್ಯಾಂಕಿನದು, ಆರ್ಡರ್ ಲೆಟರ್ ಏಜೆನ್ಸಿಯದು. ಒಂದು ದಿನ ರಜೆ ಬೇಕಾದರೂ ಎರಡೂ ಕಡೆ ಮೇಲ್ ಹಾಕಬೇಕು.

ನನ್ನ ಕೆಲಸ ಕೆವೈಸಿ. ಗ್ರಾಹಕರು ಕೊಟ್ಟ ದಾಖಲೆ ಸರಿ ಇದೆಯೇ, ವಿಳಾಸ ಹೊಂದುತ್ತದೆಯೇ, ಕಂಪನಿಯ ಖಾತೆಯಾದರೆ ಅದರ ನಿಜವಾದ ಮಾಲೀಕರು ಯಾರು ಎಂದು ನೋಡುವುದು. ಬ್ಯಾಂಕುಗಳಲ್ಲಿ ‘ಮೇಕರ್-ಚೆಕರ್’ ಪದ್ಧತಿ ಇದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸದೆ ಯಾವುದೂ ಮುಂದೆ ಹೋಗುವುದಿಲ್ಲ. ನಮ್ಮ ತಂಡದಲ್ಲಿ ಗುತ್ತಿಗೆಯವರೆಲ್ಲ ಮೇಕರ್‌ಗಳು, ಕಾಯಂ ನೌಕರರು ಚೆಕರ್‌ಗಳು. ಹೊಸದಾಗಿ ಬಂದ ಕಾಯಂ ನೌಕರರಿಗೆ ಕೆಲಸ ಕಲಿಸಿದ್ದು ನಾವೇ. ಮೂರು ತಿಂಗಳ ನಂತರ ನಮ್ಮ ಕೆಲಸ ಪರಿಶೀಲಿಸುವವರೂ ಅವರೇ.

ದಿನನಿತ್ಯ ಅವಮಾನವೇನೂ ಇಲ್ಲ. ಒಟ್ಟಿಗೇ ಊಟ, ಒಟ್ಟಿಗೇ ಟೀ. ಆದರೆ ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಪಟ್ಟಿಯ ಬಣ್ಣ ಬೇರೆ. ವಾರ್ಷಿಕೋತ್ಸವದ ಆಹ್ವಾನ ನಮ್ಮ ಮೇಲ್‌ಗೆ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಖರ್ಚು ಉಳಿಸಲು ನಮಗೆ ಹತ್ತು ದಿನ ಕಡ್ಡಾಯ ರಜೆ, ಸಂಬಳವಿಲ್ಲದ ರಜೆ. ಜನವರಿಯ ಬಾಡಿಗೆ ಕಟ್ಟುವಾಗ ಆ ಹತ್ತು ದಿನಗಳ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಬೈಕ್ ಸಾಲಕ್ಕೆ ಅರ್ಜಿ ತುಂಬುವಾಗ ‘ಉದ್ಯೋಗದಾತರ ಹೆಸರು’ ಎಂಬ ಜಾಗದಲ್ಲಿ ಏಜೆನ್ಸಿಯ ಹೆಸರು ಬರೆದೆ. ಶಾಖೆಯವರು ಆ ಹೆಸರನ್ನೇ ಕೇಳಿರಲಿಲ್ಲ. ‘ಕಾಯಂ ಆದ ಮೇಲೆ ಬನ್ನಿ’ ಎಂದರು. ದಿನವಿಡೀ ಬೇರೆಯವರ ಖಾತೆಗೆ ಅರ್ಹತೆ ನೋಡುವ ನನಗೇ ಅರ್ಹತೆ ಇರಲಿಲ್ಲ!

‘ಚೆನ್ನಾಗಿ ಕೆಲಸ ಮಾಡು, ಕಾಯಂ ಮಾಡ್ತಾರೆ’ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ತಂಡದಲ್ಲಿ ಇಬ್ಬರಿಗೆ ಹಾಗೆ ಆಗಿದೆ ಕೂಡ. ಆದರೆ ಅದು ಹಕ್ಕಲ್ಲ. ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮುಖ್ಯ ಸಂಸ್ಥೆಯ ನೌಕರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆಸೆ ಇರಲಿ, ಆದರೆ ಅದೊಂದನ್ನೇ ನಂಬಿ ಕೂರುವುದು ಬೇಡ.

ಹಾಗಾದರೆ ಇಂಥ ಕೆಲಸಕ್ಕೆ ಸೇರಬಾರದೇ? ಸೇರಬಹುದು. ಕಾಲೇಜಿನಲ್ಲಿ ಕಲಿಯದ ಶಿಸ್ತು, ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಧೈರ್ಯ, ಒಂದು ಕಂಪನಿಯ ದಾಖಲೆ ಓದಿ ಅದರ ಹಿಂದೆ ಯಾರಿದ್ದಾರೆಂದು ಹುಡುಕುವ ಕೌಶಲ ನನಗೆ ಸಿಕ್ಕಿದ್ದು ಇಲ್ಲೇ. ಅನುಭವಕ್ಕೆ ಗುತ್ತಿಗೆ, ಕಾಯಂ ಎಂಬ ಭೇದವಿಲ್ಲ. ಆದರೆ ಸಹಿ ಹಾಕುವ ಮುನ್ನ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ.

ಕೆಲಸ ಕೊಡಿಸಲು ಏಜೆನ್ಸಿ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಿಟಿಸಿ ಮೊತ್ತ ನೋಡಿ ಹಿಗ್ಗಬೇಡಿ. ಮೂಲವೇತನದ ಶೇ 12ರಷ್ಟು ಪಿಎಫ್ ನಿಮ್ಮ ಕಡೆಯಿಂದ ಕಡಿತವಾಗುತ್ತದೆ, ಉದ್ಯೋಗದಾತರ ಶೇ 12ರ ಪಾಲನ್ನೂ ಸಾಮಾನ್ಯವಾಗಿ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಕೈಗೆ ಎಷ್ಟು ಬರುತ್ತದೆ ಎಂದು ನೇರವಾಗಿ ಕೇಳಿ. ಪಿಎಫ್ ನಿಜವಾಗಿ ಕಟ್ಟುತ್ತಿದ್ದಾರೆಯೇ ಎಂಬುದನ್ನು ನಿಮ್ಮ ಯುಎಎನ್ ಹಾಕಿ ಉಮಂಗ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಏಜೆನ್ಸಿ ಬದಲಾದರೂ ಯುಎಎನ್ ಬದಲಾಗುವುದಿಲ್ಲ. ಪತ್ರದಲ್ಲಿ ‘ನಿಗದಿತ ಅವಧಿಯ ನೌಕರ’ ಎಂದಿದೆಯೇ ನೋಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅಂಥವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ. ಮೊದಲಿನಂತೆ ಐದು ವರ್ಷ ಕಾಯಬೇಕಿಲ್ಲ. ಏಜೆನ್ಸಿ ಸಂಬಳ ಕೊಡದೆ ಕೈಯೆತ್ತಿದರೆ ಮುಖ್ಯ ಸಂಸ್ಥೆಯೇ ಅದನ್ನು ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಹಾಗಾಗಿ ಪ್ರತಿ ತಿಂಗಳ ಪೇ ಸ್ಲಿಪ್ ಜೋಪಾನವಾಗಿಡಿ.

ನನ್ನ ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ. ತಂಗಿಯ ಕಾಲೇಜು ಫೀಸು ಕಟ್ಟಬೇಕಾದದ್ದು ಜೂನ್‌ನಲ್ಲಿ. ಮುಂದುವರಿಸುತ್ತಾರೋ ಇಲ್ಲವೋ ಎಂಬುದು ಫೆಬ್ರುವರಿ ಕೊನೆಯ ವಾರದವರೆಗೆ ಯಾರಿಗೂ ಗೊತ್ತಿರುವುದಿಲ್ಲ. ನಾನು ರಾತ್ರಿ ಎರಡು ಗಂಟೆ ಐಬಿಪಿಎಸ್ ಪರೀಕ್ಷೆಗೆ ಓದುತ್ತಿದ್ದೇನೆ, ರೆಸ್ಯೂಮೆಯನ್ನು ಮೂರು ತಿಂಗಳಿಗೊಮ್ಮೆ ತಿದ್ದುತ್ತಿದ್ದೇನೆ. ಗುತ್ತಿಗೆಯ ಕೊನೆಯ ದಿನಾಂಕ ಮೊದಲ ದಿನವೇ ಪತ್ರದಲ್ಲಿ ಅಚ್ಚಾಗಿರುತ್ತದೆ ಗೆಳೆಯರೆ. ಅದನ್ನು ನೋಡಿ ಹೆದರುವುದಕ್ಕಿಂತ, ಅಷ್ಟರೊಳಗೆ ಏನೇನು ಕಲಿಯಬಹುದು ಎಂದು ಪಟ್ಟಿ ಮಾಡಿಕೊಳ್ಳುವುದು ಮೇಲು.